ಬಣ್ಣ ಉಳಿಯುವುದು ಮೊದಲ ಮೂರು ದಿನಗಳಲ್ಲಿ

ಅಧ್ಯಯನಕ್ಕಾಗಿ ಗಿಡಗಳನ್ನು ಒಣಗಿಸಿ ಕೂಡಿಡುವ ಹರ್ಬೇರಿಯಂ ಕೆಲಸದವರಿಗೆ ಹೂವಿನ ಬಣ್ಣದ ಮೇಲೆ ಅಷ್ಟೇನೂ ಮೋಹವಿರುವುದಿಲ್ಲ. ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಹರವಿ, ಮರದ ಪಟ್ಟಿಗಳ ಪ್ರೆಸ್ಸಿನಲ್ಲಿ ಬಿಗಿದು, ಒಣಗಿದ ಮೇಲೆ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚುತ್ತೇವೆ. ಹೂ ನೀಲಿಯಾಗಿತ್ತು ಎಂಬುದು ಚೀಟಿಯಲ್ಲಿರುತ್ತದೆ; ಹಾಳೆಯ ಮೇಲೆ ಇರುವುದು ಕಾಫಿಪುಡಿಯ ಬಣ್ಣ. ಕೇಸರಗಳನ್ನು ಎಣಿಸಲು ಬಂದರೆ ನಮಗೆ ಸಾಕು. ಮಳೆಗಾಲದಲ್ಲಿ ಘಟ್ಟದಿಂದ ತಂದ ಗಿಡಗಳಂತೂ ಎಷ್ಟೋ ಸಲ ಕರ್ರಗಾಗಿಯೇ ಪ್ರೆಸ್ಸಿನಿಂದ ಹೊರಬಂದಿವೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವಳು ನಾನು. ಜಪಾನಿನ ಕಾಮಾಕುರಾದಲ್ಲಿ ಒಶಿಬಾನ, ಅಂದರೆ ಒತ್ತಿ ಒಣಗಿಸಿದ ಹೂ ಎಲೆಗಳಿಂದಲೇ ಚಿತ್ರ ಕಟ್ಟುವ ಕಲೆ, ಕಲಿಯಲು ಕುಳಿತಾಗ ಅರ್ಧ ವಿದ್ಯೆ ಗೊತ್ತೇ ಇದೆ ಎಂಬ ಧಿಮಾಕಿನಲ್ಲಿದ್ದೆ.

‘ಒಶಿ’ ಎಂದರೆ ಒತ್ತುವುದು, ‘ಹನ’ ಎಂದರೆ ಹೂ. ಎರಡೂ ಕೂಡಿದಾಗ ಹಕಾರ ಬಕಾರವಾಗುತ್ತದೆ. ನಮ್ಮಲ್ಲಿ ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿಯನ್ನು ಓದಿದವರಿಗೆ ಇದು ಹೊಸದಲ್ಲ. ಇಕೆಬಾನದಲ್ಲಿರುವುದೂ ಇದೇ ‘ಬಾನ’. ನಾವು ಮಾಡುವ ಹರ್ಬೇರಿಯಂ ಮಾದರಿಗೆ ಜಪಾನೀಯರು ಕೊಟ್ಟ ಹೆಸರು ಬೇರೆ: ಅದು ‘ಒಶಿಬಾ’, ಒತ್ತಿದ ಎಲೆ. ಆ ದೇಶದಲ್ಲಿ ಈ ಒಶಿಬಾದ ದೊಡ್ಡ ಹೆಸರು ಮಕಿನೊ ತೊಮಿತಾರೊ (1862–1957). ಸುಮಾರು 4 ಲಕ್ಷ ಮಾದರಿಗಳನ್ನು ಕೂಡಿಸಿದ ಮನುಷ್ಯ. ಅವರೂ ಗಿಡ ಒಣಗಿಸಿದ್ದು ಹಳೆಯ ಪತ್ರಿಕೆಗಳಲ್ಲೇ. ಒಂದು ಅಕ್ಷರದ ಅಂತರ, ಆದರೆ ಒಶಿಬಾದಿಂದ ಒಶಿಬಾನಕ್ಕೆ ಬಂದರೆ ಕಸುಬೇ ಬೇರೆ.

ಮೊದಲ ದಿನ ಗುರುಗಳು ನನ್ನ ಮುಂದಿಟ್ಟದ್ದು ಹೈಡ್ರೇಂಜಿಯಾ. ಮಡಿಕೇರಿ, ಊಟಿಯ ಅಂಗಳಗಳಲ್ಲಿ ಚೆಂಡಿನ ಹಾಗೆ ಅರಳುತ್ತದಲ್ಲ, ಅದು. ಜಪಾನಿನಲ್ಲಿ ಇದು ಅಜಿಸಾಯಿ, ಜೂನ್‌ ಮಳೆಯ ಹೂ. ಕಾಮಾಕುರಾದ ಮೇಗೆತ್ಸುಇನ್ ದೇವಾಲಯಕ್ಕೆ ‘ಅಜಿಸಾಯಿ ಗುಡಿ’ ಎಂಬ ಹೆಸರೇ ಇದೆ. ನಾನು ವಾಡಿಕೆಯಂತೆ ಇಡೀ ಗೊಂಚಲನ್ನು ಕಾಗದದ ನಡುವೆ ಇಟ್ಟು, ಪಟ್ಟಿ ಎಳೆದು ಬಿಗಿದೆ. ಮೂರನೆಯ ದಿನ ಬಿಚ್ಚಿದರೆ ಬೆಂದ ಸೊಪ್ಪು. ಗುರುಗಳು ನಗಲಿಲ್ಲ. “ನೀವು ಒಣಗಿಸಲಿಲ್ಲ, ಹಿಂಡಿದಿರಿ,” ಎಂದರು.

ಹಿಂಡಿದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ದಿನವೂ ನೋಡುತ್ತೇವೆ. ಬಾಳೆದಿಂಡನ್ನು ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಜೀವಕೋಶ ಒಡೆದಾಗ ಅದರೊಳಗೆ ಬೇರೆ ಬೇರೆಯಾಗಿದ್ದ ಫೀನಾಲ್‌ಗಳೂ ಕಿಣ್ವಗಳೂ ಒಂದಾಗಿ, ಗಾಳಿಯ ಆಮ್ಲಜನಕ ಸೇರಿ, ಕಂದು ಬಣ್ಣ ಹುಟ್ಟುತ್ತದೆ. ಅದಕ್ಕೇ ದಿಂಡನ್ನು ಮಜ್ಜಿಗೆ ನೀರಿಗೆ ಹಾಕುವುದು: ಹುಳಿ ಕಿಣ್ವವನ್ನು ಕಟ್ಟಿಹಾಕುತ್ತದೆ, ನೀರು ಗಾಳಿಯನ್ನು ತಡೆಯುತ್ತದೆ. ಆದರೆ ಕಿಣ್ವಕ್ಕೆ ಕೆಲಸ ಮಾಡಲು ತೇವವೂ ಬೇಕು. ತೇವವನ್ನು ಅದಕ್ಕಿಂತ ಬೇಗ ತೆಗೆದರೆ ಹೂ ಬಣ್ಣದೊಂದಿಗೇ ನಿಲ್ಲುತ್ತದೆ. ಒಶಿಬಾನದ ಗುಟ್ಟೆಲ್ಲ ಈ ಓಟದಲ್ಲಿದೆ. ಚಿತ್ರ ಬಿಡಿಸುವುದು ಆಮೇಲಿನ ಮಾತು.

ಗುರುಗಳು ಮಾಡಿ ತೋರಿಸಿದ ಬಗೆ ಹೀಗೆ. ಗೊಂಚಲಿನಿಂದ ಒಂದೊಂದೇ ಪುಟ್ಟ ಹೂವನ್ನು ಕತ್ತರಿಯಿಂದ ಬಿಡಿಸಿದರು. (ನಾವು ದಳ ಎನ್ನುವುದು ಇದರಲ್ಲಿ ದಳವಲ್ಲ, ಪುಷ್ಪಪತ್ರ; ತೆಳ್ಳಗೆ, ನೀರು ಕಡಿಮೆ. ಕಲಿಯುವವರ ಕೈಗೆ ಇದನ್ನೇ ಮೊದಲು ಕೊಡುವುದಕ್ಕೆ ಅದೇ ಕಾರಣ.) ತೇವ ಹೀರುವ ರಾಸಾಯನಿಕ ತುಂಬಿದ ದಪ್ಪ ಹಾಳೆ, ಅದರ ಮೇಲೆ ತೆಳು ಕಾಗದ, ಹೂಗಳು, ಮತ್ತೆ ತೆಳು ಕಾಗದ, ಮೇಲೊಂದು ಸ್ಪಂಜು. ಹೂವಿನ ನಡುಭಾಗ ದಪ್ಪ, ಅಂಚು ತೆಳು. ಸ್ಪಂಜು ಎರಡನ್ನೂ ಸಮನಾಗಿ ಅದುಮುತ್ತದೆ. ಇಡೀ ಕಟ್ಟನ್ನು ಗಾಳಿಯಾಡದ ಚೀಲಕ್ಕೆ ಹಾಕಿ ಮೇಲೆ ಹಗುರವಾದ ಭಾರ. ಹೊರಗೆ ಧೋ ಎಂದು ಮಳೆ, ಚೀಲದೊಳಗೆ ಮರುಭೂಮಿ. ಮೂರು ದಿನ ಕಳೆದು ತೆಗೆದಾಗ ಆ ನೀಲಿ ಗಿಡದ ಮೇಲಿದ್ದಂತೆಯೇ ಇತ್ತು. ಬಳಸಿದ ಹಾಳೆಗೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಮತ್ತೆ ಬಳಕೆಗೆ ಸಿದ್ಧ.

ಎಲ್ಲ ಬಣ್ಣಗಳೂ ಇಷ್ಟು ವಿಧೇಯವಲ್ಲ. ಹಳದಿ ಹಿಡಿಸುವ ಕೆರೋಟಿನಾಯ್ಡ್‌ಗಳು ಗಟ್ಟಿ. ಕೆಂಪು ಹಟಮಾರಿ: ಕೆಂಪು ಗುಲಾಬಿ ಒಣಗಿದರೆ ಕಪ್ಪಿಗೆ ತಿರುಗುತ್ತದೆ. ದಾಸವಾಳ ಉಜ್ಜಿದ ಕಾಗದಕ್ಕೆ ನಿಂಬೆರಸ ಬಿಟ್ಟು ಕೆಂಪಾಗಿಸಿದ್ದು ಶಾಲೆಯ ನೆನಪಿದ್ದರೆ ಪರಿಹಾರವೂ ಹೊಳೆಯುತ್ತದೆ. ಈ ಕೆಂಪನ್ನು ಕೊಡುವ ಆಂಥೋಸಯನಿನ್‌ಗೆ ಆಮ್ಲ ಬೇಕು. ಆದ್ದರಿಂದ ಕೆಂಪು ದಳಗಳಿಗೆ ಆಮ್ಲದ ಉಪಚಾರ ಮಾಡಿ ಒತ್ತುವವರಿದ್ದಾರೆ. ಎಲೆಯ ಹಸಿರಿನದು ಇದಕ್ಕೆ ತದ್ವಿರುದ್ಧ ಕಥೆ. ಹುಣಸೆಹುಳಿ ಬಿದ್ದ ಸೊಪ್ಪಿನಂತೆ ಆಮ್ಲ ತಾಗಿದೊಡನೆ ಮಂಕಾಗುತ್ತದೆ. ಹರಿತ್ತಿನ ಮಧ್ಯದಲ್ಲಿರುವ ಮೆಗ್ನೀಸಿಯಂ ಕಳಚಿಹೋಗುವುದೇ ಕಾರಣ. ಆ ಜಾಗದಲ್ಲಿ ತಾಮ್ರವನ್ನು ಕೂರಿಸಿದರೆ ಹಸಿರು ಉಳಿಯುತ್ತದೆ. ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತವೇ ಇದಕ್ಕೂ ಸಾಕು. ನನ್ನ ಗುರುಗಳಿಗೆ ಅದು ಸೇರುತ್ತಿರಲಿಲ್ಲ. ತಾನಾಗಿ ಹಸಿರು ಬಿಡದ ಜರೀಗಿಡಗಳನ್ನೇ ಆರಿಸಿಕೊಳ್ಳುತ್ತಿದ್ದರು. ನನಗೂ ಅದೇ ಸರಿ ಎನಿಸುತ್ತದೆ. ಕುಂಚ ಬೇಡ ಎಂದ ಮೇಲೆ ತುತ್ತ ಏಕೆ?

ಚಿತ್ರ ಕಟ್ಟುವ ಕೈಚಳಕದ ಬಗ್ಗೆ ಬರೆಯುವಷ್ಟು ಯೋಗ್ಯತೆ ನನಗಿನ್ನೂ ಬಂದಿಲ್ಲ. ಚಿಮುಟದಿಂದ ಎತ್ತಿಟ್ಟ ಬದನೆ ಸಿಪ್ಪೆ ದೂರದ ಬೆಟ್ಟವಾಗುವುದನ್ನು, ಅದರ ಮೇಲೆ ಹಾಸಿದ ತೆಳುವಾದ ವಾಶಿ ಕಾಗದ ಬೆಳಗಿನ ಮಂಜಾಗುವುದನ್ನು ಬೆರಗಿನಿಂದ ನೋಡಿದ್ದೇನೆ, ಅಷ್ಟೆ.

ನನ್ನ ಕಸುಬಿಗೆ ಹತ್ತಿರವಾದದ್ದು ಕೊನೆಯ ಹಂತ. ಚಿತ್ರ ಮುಗಿದ ಮೇಲೂ ಓಟ ಮುಗಿದಿರುವುದಿಲ್ಲ. ಒಣಗಿದ ದಳ ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಹಾಗಾಗಿ ಮುಂದೆ ಗಾಜು, ಹಿಂದೆ ಅಲ್ಯೂಮಿನಿಯಂ ಹಾಳೆ, ನಡುವೆ ಚಿತ್ರದ ಬೆನ್ನಿಗೆ ತೇವ ಹೀರುವ ಹಾಳೆ ಮತ್ತು ಆಮ್ಲಜನಕ ಹೀರುವ ಪೊಟ್ಟಣ. ಆ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ತಾನು ತುಕ್ಕು ಹಿಡಿದು ಹೂವನ್ನು ಕಾಯುತ್ತದೆ. ಸುತ್ತ ಅಂಟುಪಟ್ಟಿ ಒತ್ತಿ, ಪಂಪಿನಿಂದ ಗಾಳಿ ಎಳೆದು ಮುಚ್ಚುತ್ತಾರೆ. ಉಳಿಯುವುದು ಬೆಳಕೊಂದೇ, ಅದನ್ನು ತಡೆದರೆ ಚಿತ್ರವೇ ಕಾಣುವುದಿಲ್ಲ. ಸೂಕ್ಷ್ಮ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು 50 ಲಕ್ಸ್‌ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ. ಮನೆಯಲ್ಲಿ ಕಿಟಕಿಯ ಎದುರುಗೋಡೆ ಬಿಟ್ಟು ಬೇರೆಲ್ಲಾದರೂ ತೂಗುಹಾಕಿದರೆ ಸಾಕು.

ನನ್ನ ಅಜಿಸಾಯಿ ಚಿತ್ರ ಊಟದ ಮನೆಯ ಗೋಡೆಯಲ್ಲಿದೆ. ಅದೇ ಗೊಂಚಲಿನ ನಾಲ್ಕು ಹೂಗಳನ್ನು ಇನ್ನೊಂದು ಪುಟ್ಟ ಚೌಕಟ್ಟಿನಲ್ಲಿ ಹಾಗೆಯೇ ಮುಚ್ಚಿ, ಕಪ್ಪು ಲಕೋಟೆಯಲ್ಲಿಟ್ಟು ಬೀರುವಿನಲ್ಲಿ ಇರಿಸಿದ್ದೇನೆ. ಹರ್ಬೇರಿಯಂ ಬುದ್ಧಿ ಎಲ್ಲಿ ಹೋಗುತ್ತದೆ. ಪ್ರತಿ ಜೂನ್‌ನಲ್ಲಿ ತೆಗೆದು ಪಕ್ಕಪಕ್ಕ ಹಿಡಿಯುತ್ತೇನೆ. ಐದನೆಯ ವರ್ಷ ಗೋಡೆಯ ನೀಲಿ ಕೂದಲೆಳೆಯಷ್ಟು ತೆಳುವಾಗಿತ್ತು. ಚೌಕಟ್ಟಿನ ಹಿಂದೆ ಹಚ್ಚಿದ ಚೀಟಿಯಲ್ಲಿ ದಿನಾಂಕ ಹಾಕಿ ಅದನ್ನೂ ಬರೆದಿಟ್ಟೆ.