ಹದಿನಾರು ಮುಚ್ಚಳವೂ ಒಂದೇ ಥರ ಇರಬೇಕು

ಅತ್ತಿಬೆಲೆ ಕಡೆಯ ನೀರಿನ ಬಾಟಲಿ ಘಟಕದವರೊಬ್ಬರು ಹೋದ ಬೇಸಿಗೆಯಲ್ಲಿ ಹೊಸೂರಿನ ನಮ್ಮ ಟೂಲ್ ರೂಮಿಗೆ ಒಂದು ಮೋಲ್ಡ್, ಅಂದರೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಉಕ್ಕಿನ ಅಚ್ಚು, ತಂದರು. ಬೇರೆ ಕಡೆ ಮಾಡಿಸಿದ್ದು. "ಸಾರ್, ಬಾಟಲಿ ಸರಿ ಇದೆ, ಮುಚ್ಚಳ ಹಾಕೋ ಮಷಿನ್ನೂ ಸರಿ ಇದೆ. ಆದ್ರೂ ನೂರಕ್ಕೆ ಆರು ಬಾಟಲಿ ಸೋರ್ತಾ ಇದೆ" ಅಂದರು. ಅದು 16 ಕ್ಯಾವಿಟಿಯ (ಅಚ್ಚಿನ ಗುಳಿಯ) ಮೋಲ್ಡ್. ಅಂದರೆ ಮಷಿನ್ ಒಂದು ಸಲ ಮುಚ್ಚಿ ತೆರೆದರೆ 16 ಮುಚ್ಚಳ ಬೀಳುತ್ತವೆ. 100 ಅನ್ನು 16ರಿಂದ ಭಾಗಿಸಿದರೆ 6.25. ಅಂದರೆ ಹೆಚ್ಚುಕಡಿಮೆ ಒಂದೇ ಕ್ಯಾವಿಟಿಯ ಪಾಲು. ಸೋರಿದ ಬಾಟಲಿಗಳ ಮುಚ್ಚಳಗಳನ್ನೇ ತರಿಸಿ ಒಳಗಿನ ನಂಬರ್ ನೋಡಿದೆವು. ಹೆಚ್ಚುಕಡಿಮೆ ಎಲ್ಲವೂ 11.

ನಿಮ್ಮ ಮನೆಯಲ್ಲಿರುವ ಯಾವುದಾದರೂ ನೀರಿನ ಬಾಟಲಿಯ ಮುಚ್ಚಳ ತೆಗೆದು ಒಳಗೆ ನೋಡಿ. ಸಾಮಾನ್ಯವಾಗಿ ಸಣ್ಣದೊಂದು ಅಂಕಿ ಕಾಣುತ್ತದೆ. ಅದು ಆ ಮುಚ್ಚಳ ಯಾವ ಕ್ಯಾವಿಟಿಯಲ್ಲಿ ಹುಟ್ಟಿತು ಅನ್ನುವ ಗುರುತು. ಈ ಅಂಕಿ ಇಲ್ಲದ ಮೋಲ್ಡನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಅಂಕಿ ಇಲ್ಲದಿದ್ದರೆ ಆ ಸೋರಿಕೆಯನ್ನು ಹುಡುಕಲು ನಮಗೆ ದಾರಿಯೇ ಇರುತ್ತಿರಲಿಲ್ಲ.

ಮೋಲ್ಡ್ ಮಾಡಿಸಲು ಬರುವವರು ಕೇಳುವುದು ಸಾಮಾನ್ಯವಾಗಿ ಮೂರು ಪ್ರಶ್ನೆ. ಎಷ್ಟು ಕ್ಯಾವಿಟಿ, ಎಷ್ಟು ಸೆಕೆಂಡಿಗೆ ಒಂದು ಶಾಟ್ (ಮಷಿನ್ ಒಂದು ಸಲ ಮುಚ್ಚಿ ತೆರೆಯುವುದು), ಎಷ್ಟು ದುಡ್ಡು. ಎಲ್ಲ ಕ್ಯಾವಿಟಿಯೂ ಒಂದೇ ಥರ ಇರುತ್ತಾ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮುಚ್ಚಳದ ಮೋಲ್ಡಿನ ಗುಣಮಟ್ಟ ಅಂದರೆ ಅದೇ. ಒಂದು ಕ್ಯಾವಿಟಿಯನ್ನು ಚಂದ ಮಾಡುವುದು ಕಷ್ಟವಲ್ಲ. 16 ಅಥವಾ 32 ಕ್ಯಾವಿಟಿ ಒಂದೇ ಥರ ಬರಬೇಕು, ವರ್ಷಗಟ್ಟಲೆ ಹಾಗೇ ಉಳಿಯಬೇಕು. ಕೆಲಸ ಇರುವುದು ಅಲ್ಲಿ.

ವ್ಯತ್ಯಾಸ ಎಲ್ಲಿಂದ ನುಸುಳುತ್ತದೆ? ಮೊದಲು ಉಕ್ಕಿನಿಂದ. ಮುಚ್ಚಳದ ಒಳಮೈ ರೂಪಿಸುವ ಕೋರ್ ಮತ್ತು ಹೊರಮೈ ರೂಪಿಸುವ ಕ್ಯಾವಿಟಿಗೆ ನಾವು ಹೆಚ್ಚಾಗಿ 1.2083 ಅನ್ನುವ ಸ್ಟೇನ್‌ಲೆಸ್ ಉಕ್ಕು ಹಾಕುತ್ತೇವೆ. ಹಾರ್ಡನಿಂಗ್ (ಕಾಯಿಸಿ ಗಡಸು ಮಾಡುವುದು) ಆದ ಮೇಲೆ ಗಡಸುತನ ಸುಮಾರು 50 ಎಚ್‌ಆರ್‌ಸಿ (ಗಡಸುತನದ ಒಂದು ಅಳತೆ) ಬರಬೇಕು. ಎಲ್ಲ ಕೋರ್‌ಗಳ ಉಕ್ಕೂ ಒಂದೇ ಲಾಟಿನದ್ದಾಗಿರಬೇಕು, ಹಾರ್ಡನಿಂಗೂ ಒಂದೇ ಸಲ ಆಗಬೇಕು. ಎರಡು ಕಂತಿನಲ್ಲಿ ಕಳಿಸಿದರೆ ಎರಡು ಥರ ಹಿಗ್ಗಿ ಬರುವುದುಂಟು. ಅದಕ್ಕೇ 0.2ರಿಂದ 0.3 ಮಿಲಿಮೀಟರ್ ಜಾಸ್ತಿ ಬಿಟ್ಟು, ಆಮೇಲೆ ಗ್ರೈಂಡಿಂಗ್‌ನಲ್ಲಿ ಅಳತೆಗೆ ತರುತ್ತೇವೆ. ಕೋರಿನ ಮೇಲೆ ಜಾರಿ ಮುಚ್ಚಳವನ್ನು ತಳ್ಳಿ ಬಿಡಿಸುವ ಸ್ಟ್ರಿಪ್ಪರ್ ರಿಂಗಿನ ಗಡಸುತನವನ್ನು ಮಾತ್ರ ಬೇಕಂತಲೇ ಕೆಲವು ಅಂಕ ಬೇರೆ ಇಡುತ್ತೇವೆ. ಎರಡೂ ಸಮ ಇದ್ದರೆ ಉಜ್ಜಿ ಉಜ್ಜಿ ಕಚ್ಚಿಕೊಳ್ಳುತ್ತವೆ.

ಎರಡನೆಯದು ಸ್ಪಾರ್ಕ್ ಮಷಿನ್, ಅಂದರೆ ಎಲೆಕ್ಟ್ರೋಡಿನಿಂದ ವಿದ್ಯುತ್ ಕಿಡಿ ಹಾರಿಸಿ ಉಕ್ಕು ಕೊರೆಯುವ ಮಷಿನ್. ಮುಚ್ಚಳದ ಹೊರಮೈಯಲ್ಲಿ ಬೆರಳಿಗೆ ಹಿಡಿತ ಕೊಡುವ ಉದ್ದ ಗೀರುಗಳಿರುತ್ತವಲ್ಲ, 28 ಮಿಲಿಮೀಟರ್ ಸೋಡಾ ಮುಚ್ಚಳದಲ್ಲಿ ಸಾಮಾನ್ಯವಾಗಿ 120 ಇರುತ್ತವೆ. ಅವನ್ನು ಸ್ಪಾರ್ಕಿನಿಂದ ತೆಗೆಯುವಾಗ ಎಲೆಕ್ಟ್ರೋಡ್ ಕೂಡ ಸವೆಯುತ್ತದೆ. ಒಂದೇ ಎಲೆಕ್ಟ್ರೋಡಿನಲ್ಲಿ ಸಾಲಾಗಿ ಎಲ್ಲ ಕ್ಯಾವಿಟಿ ಹೊಡೆದರೆ ಮೊದಲನೆಯದರ ಮೂಲೆ ಚೂಪು, ಕೊನೆಯದು ಮೊಂಡು. ಒರಟು ಕೆಲಸಕ್ಕೆ ಒಂದು, ಫಿನಿಶಿಂಗಿಗೆ ಇನ್ನೊಂದು ಎಲೆಕ್ಟ್ರೋಡ್ ಇಟ್ಟು, ಪ್ರತಿ ಸಲ ಅದನ್ನೂ ಅಳೆಯಬೇಕು. ಸ್ಪಾರ್ಕ್ ಬಿಟ್ಟುಹೋಗುವ ಗಟ್ಟಿ ಬಿಳಿ ಪದರವನ್ನು ಪಾಲಿಶ್ ಮಾಡಿ ತೆಗೆಯಲೇಬೇಕು. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಲಕ್ಷಾಂತರ ಶಾಟ್ ಆದ ಮೇಲೆ ಅಲ್ಲಿಂದಲೇ ಉಕ್ಕು ಸೀಳುತ್ತದೆ.

ಇನ್ನು ಬಿಸಿ. ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡ ತಾಪಮಾನ 20 ಡಿಗ್ರಿ. ಹೊಸೂರು ತಂಪು ಊರು ನಿಜ, ಆದರೆ ಏಪ್ರಿಲ್‌ನಲ್ಲಿ ಶೀಟಿನ ಶೆಡ್ ಒಳಗೆ ತಂಪೆಲ್ಲಿ ಬರಬೇಕು? ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಕೋರ್ ಅಥವಾ ಕ್ಯಾವಿಟಿಗಳನ್ನು ಕೂರಿಸುವ 400 ಮಿಲಿಮೀಟರ್ ಪ್ಲೇಟ್ 32 ಡಿಗ್ರಿಯಲ್ಲಿದ್ದರೆ ಸುಮಾರು 55 ಮೈಕ್ರಾನ್ ಉದ್ದ ಆಗಿರುತ್ತದೆ. ಎರಡು ಪ್ಲೇಟೂ ಒಂದೇ ಬಿಸಿಯಲ್ಲಿದ್ದರೆ ತೊಂದರೆ ಕಡಿಮೆ. ಕ್ಯಾವಿಟಿ ಪ್ಲೇಟನ್ನು ರಾತ್ರಿಯೆಲ್ಲ ತಣಿಸಿ ಅಳೆದು, ಕೋರ್ ಪ್ಲೇಟನ್ನು ಮಷಿನ್‌ನಿಂದ ಇಳಿಸಿದ ಕೂಡಲೇ ಅಳೆದರೆ ಕಥೆ ಬೇರೆ. ಆಗ ಅಂಚಿನ ಕೋರ್‌ಗಳು ನಡುವಿನಿಂದ ಜರುಗುತ್ತವೆ. ಮುಚ್ಚಳದ ಗೋಡೆ ಇರುವುದೇ 1.2 ಮಿಲಿಮೀಟರ್ ಅಂದುಕೊಳ್ಳಿ. ಕೋರ್ 0.05 ಜರುಗಿದರೆ ಒಂದು ಕಡೆ 1.25, ಎದುರು ಕಡೆ 1.15. ಪ್ಲಾಸ್ಟಿಕ್ ದಪ್ಪ ಕಡೆ ಬೇಗ ಓಡುತ್ತದೆ, ತೆಳು ಕಡೆ ನಿಧಾನ. ಮುಚ್ಚಳ ಸೊಟ್ಟಗಾಗುತ್ತದೆ. ನಮ್ಮಲ್ಲಿ ಪ್ಲೇಟುಗಳು ಏಸಿ ಇರುವ ತಪಾಸಣೆ ಕೋಣೆಯಲ್ಲಿ ಒಂದು ರಾತ್ರಿ ಕೂತ ಮೇಲೆಯೇ ಅಳತೆ. ಅವಸರ ಮಾಡಿದವರ ಮೇಲೆ ನಾನು ಸಿಟ್ಟಾಗುವುದು ಈ ಒಂದೇ ವಿಷಯಕ್ಕೆ.

ತಪಾಸಣೆ ಹಾಳೆಯ ಬಗ್ಗೆ ಒಂದು ಮಾತು. ನಮ್ಮ ಹುಡುಗರು ಹೆಚ್ಚಿನವರು ತಳಿ, ದೆಂಕಣಿಕೋಟೆ, ಬಾಗಲೂರು ಕಡೆಯವರು. ಮನೆಯಲ್ಲಿ ಕನ್ನಡ ಇಲ್ಲವೇ ತೆಲುಗು, ಶಾಲೆಯಲ್ಲಿ ತಮಿಳು. ಹಾಗಾಗಿ ಹಾಳೆಯಲ್ಲಿ ಬರಹ ಕಡಿಮೆ, ಚಿತ್ರ ಮತ್ತು ಅಂಕಿ ಜಾಸ್ತಿ. 'ಸರಿ ಇದೆ' ಅಂತ ಟಿಕ್ ಹಾಕಲು ಜಾಗವೇ ಇಟ್ಟಿಲ್ಲ. ಬಂದ ಅಳತೆಯನ್ನೇ ಬರೆಯಬೇಕು. 16 ಅಂಕಿ ಒಂದರ ಕೆಳಗೊಂದು ಇದ್ದರೆ ಬೇರೆ ಇರುವುದು ತಾನಾಗಿ ಎದ್ದು ಕಾಣುತ್ತದೆ. ಎಲ್ಲವೂ ಮಿತಿಯೊಳಗೇ ಇದ್ದು ಒಂದು ಮಾತ್ರ ಅಂಚಿನಲ್ಲಿದ್ದರೂ ಅದನ್ನು ಬಿಡಬಾರದು.

ಇಷ್ಟೆಲ್ಲ ಮಾಡಿ ಉಕ್ಕು ಒಂದೇ ಥರ ಬಂತು ಅನ್ನೋಣ. ಮುಚ್ಚಳ ಒಂದೇ ಥರ ಬರುತ್ತಾ? ಬರಲೇಬೇಕೆಂದಿಲ್ಲ. ಅತ್ತಿಬೆಲೆಯ ಮೋಲ್ಡಿನಲ್ಲಿ ಆಗಿದ್ದು ಇದೇ.

ನಾವು 11ನೇ ಕೋರನ್ನು ಬಿಚ್ಚಿ ಅಳೆದೆವು. ಪಕ್ಕದ 10, 12ರ ಜೊತೆ ಇಟ್ಟು ನೋಡಿದೆವು. ವ್ಯತ್ಯಾಸ ಇಲ್ಲ. ನಡುವಿನಿಂದ ಜರುಗಿಯೂ ಇಲ್ಲ. ಆದರೆ ಅದರ ಮುಚ್ಚಳದ ಒಳಗಿನ ಸೀಲ್ ಬಳೆ, ಅಂದರೆ ಬಾಟಲಿಯ ಬಾಯೊಳಗೆ ಇಳಿದು ನೀರು ತಡೆಯುವ ಭಾಗ, ಉಳಿದವಕ್ಕಿಂತ ಸಣ್ಣ. ಉಕ್ಕಿನಲ್ಲಿ ಇಲ್ಲದ ವ್ಯತ್ಯಾಸ ಪ್ಲಾಸ್ಟಿಕ್‌ನಲ್ಲಿ ಹೇಗೆ ಬಂತು?

ಕಾರಣ ಕುಗ್ಗುವಿಕೆ. ಈ ಮುಚ್ಚಳಗಳಿಗೆ ಹಾಕುವ ಎಚ್‌ಡಿಪಿಇ ಪ್ಲಾಸ್ಟಿಕ್ ತಣಿಯುವಾಗ ಸುಮಾರು ಶೇಕಡಾ 1.5ರಿಂದ 3ರಷ್ಟು ಕುಗ್ಗುತ್ತದೆ. 28 ಮಿಲಿಮೀಟರ್ ಬೇಕಿದ್ದು, ಕುಗ್ಗುವಿಕೆ ಶೇಕಡಾ 2 ಅಂತ ಹಿಡಿದರೆ ಉಕ್ಕನ್ನು 28.57ಕ್ಕೆ ಕತ್ತರಿಸಬೇಕು. ಅದೇ ಉಕ್ಕಿನಲ್ಲಿ ಪ್ಲಾಸ್ಟಿಕ್ ಶೇಕಡಾ 2.3 ಕುಗ್ಗಿದರೆ ಬರುವುದು 27.91. ಎಷ್ಟು ಕುಗ್ಗುತ್ತದೆ ಅನ್ನುವುದು ಎಷ್ಟು ಬೇಗ ತಣಿಯಿತು ಅನ್ನುವುದರ ಮೇಲೆ ನಿಂತಿದೆ. ನಿಧಾನವಾಗಿ ತಣಿದ ಪ್ಲಾಸ್ಟಿಕ್ ಜಾಸ್ತಿ ಕುಗ್ಗುತ್ತದೆ.

ಆ ಮೋಲ್ಡಿನಲ್ಲಿ ತಣ್ಣೀರನ್ನು ನಾಲ್ಕು ನಾಲ್ಕು ಕೋರ್‌ಗಳಿಗೆ ಒಂದರ ನಂತರ ಒಂದರಂತೆ ಹರಿಸಿದ್ದರು. 11 ತನ್ನ ನೀರಿನ ದಾರಿಯಲ್ಲಿ ಕೊನೆಯದು. ಅದಕ್ಕೆ ತಲುಪುವಷ್ಟರಲ್ಲಿ ನೀರು ಮೂರು ಕೋರಿನ ಬಿಸಿ ಹೀರಿಕೊಂಡಿರುತ್ತಿತ್ತು. ಸಾಲದ್ದಕ್ಕೆ ಹರಿಸಿದ್ದು ಕೊಳವೆಬಾವಿಯ ಗಡಸು ನೀರು. ಕೋರಿನೊಳಗಿನ ಸಣ್ಣ ಕೊಳವೆಯಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟಿ ಅರ್ಧ ದಾರಿ ಮುಚ್ಚಿತ್ತು. ಪದರ ತೆಗೆಸಿ, ನೀರಿನ ದಾರಿಯನ್ನು ಎರಡೆರಡು ಕೋರಿಗೆ ಒಂದರಂತೆ ಬೇರೆ ಮಾಡಿ, ಮೆದು ನೀರನ್ನೇ ಬಳಸಲು ಹೇಳಿದೆವು. ಉಕ್ಕಿಗೆ ಕೈ ಹಚ್ಚಲೇ ಇಲ್ಲ. ಸೋರುವುದು ನಿಂತಿತು.

ಹಾಗಾಗಿ ಹೊಸ ಮೋಲ್ಡ್ ಒಪ್ಪಿಕೊಳ್ಳುವ ಮೊದಲು ಪ್ರತಿ ನೀರಿನ ದಾರಿಯಲ್ಲಿ ಎಷ್ಟು ಹರಿಯುತ್ತಿದೆ ಅಂತ ಫ್ಲೋ ಮೀಟರ್ ಇಟ್ಟು ನೋಡಿ. ಒಳಗೆ ಹೋಗುವ ಮತ್ತು ಹೊರಗೆ ಬರುವ ನೀರಿನ ವ್ಯತ್ಯಾಸ ಎರಡು-ಮೂರು ಡಿಗ್ರಿ ದಾಟಬಾರದು.

ತುಂಬುವಿಕೆಯೂ ಸಮ ಇರಬೇಕು. ಇದನ್ನು ನೋಡುವ ವಿಧಾನ ಸುಲಭ. ಹೋಲ್ಡಿಂಗ್ ಒತ್ತಡ (ತುಂಬಿದ ಮೇಲೂ ಪ್ಲಾಸ್ಟಿಕ್ಕನ್ನು ಒತ್ತಿ ಹಿಡಿಯುವ ಒತ್ತಡ) ತೆಗೆದು, ಕ್ಯಾವಿಟಿ ಮುಕ್ಕಾಲು ತುಂಬಿದಾಗ ನಿಲ್ಲಿಸಿ. ಅರೆಬರೆ ಮುಚ್ಚಳಗಳು ಬೀಳುತ್ತವೆ. ಒಂದೊಂದನ್ನೂ ತೂಗಿ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಶೇಕಡಾ 5ಕ್ಕಿಂತ ಜಾಸ್ತಿ ಅಂತರ ಇದ್ದರೆ ನಾನು ಮೋಲ್ಡ್ ಕಳಿಸುವುದಿಲ್ಲ. ಹೆಚ್ಚಿನ ಸಲ ಯಾವುದೋ ಒಂದು ಗೇಟಿನ (ಕ್ಯಾವಿಟಿಗೆ ಪ್ಲಾಸ್ಟಿಕ್ ಇಳಿಯುವ ಬಾಯಿಯ) ಹೀಟರ್ ಸರಿಯಾಗಿ ಬಿಸಿಯಾಗುತ್ತಿರುವುದಿಲ್ಲ, ಅಥವಾ ಗೇಟಿನ ತೂತೇ ಕೂದಲೆಳೆಯಷ್ಟು ಸಣ್ಣದಿರುತ್ತದೆ.

ಟ್ರಯಲ್ ಮುಚ್ಚಳಗಳನ್ನು ಬಿಸಿ ಇರುವಾಗಲೇ ಅಳೆದು ಸಹಿ ಹಾಕುವವರಿದ್ದಾರೆ. ಎಚ್‌ಡಿಪಿಇ ಮಷಿನ್‌ನಿಂದ ಬಿದ್ದ ಮೇಲೂ ಕುಗ್ಗುತ್ತಲೇ ಇರುತ್ತದೆ. ಕನಿಷ್ಠ 24 ಗಂಟೆ ಬಿಡಿ. ವರ್ನಿಯರ್ ಬೇಡ, ಅದರ ದವಡೆ ಮೆದು ಮುಚ್ಚಳವನ್ನು ಅಮುಕುತ್ತದೆ. ಮುಟ್ಟದೆ ಅಳೆಯುವ ಪ್ರೊಫೈಲ್ ಪ್ರೊಜೆಕ್ಟರ್ ಒಳ್ಳೆಯದು. ಬಾಟಲಿಯ ಕುತ್ತಿಗೆ ಯಾವುದು ಅನ್ನುವುದನ್ನೂ ಮೊದಲೇ ಬರೆದುಕೊಳ್ಳಿ. ಪಿಸಿಒ 1810, ಪಿಸಿಒ 1881 ಅನ್ನುವ ಕುತ್ತಿಗೆ ಮಾದರಿಗಳು ಎರಡೂ 28 ಮಿಲಿಮೀಟರ್‌ನವೇ, ಆದರೆ 1881ರ ಕುತ್ತಿಗೆ ಗಿಡ್ಡ, ಥ್ರೆಡ್ಡೂ ಬೇರೆ. ಒಂದರ ಮುಚ್ಚಳ ಇನ್ನೊಂದಕ್ಕೆ ಆಗುವುದಿಲ್ಲ. ಬರೀ '28 ಎಂಎಂ' ಅಂತ ಆರ್ಡರ್ ಕೊಟ್ಟರೆ ಜಗಳಕ್ಕೆ ದಾರಿ.

ಮೋಲ್ಡ್ ಜೊತೆ ಬಿಡಿ ಕೋರ್ ಮತ್ತು ಕ್ಯಾವಿಟಿ ಕೇಳಿ ಪಡೆಯಿರಿ. ಅವನ್ನು ಮೊದಲ ದಿನವೇ ಯಾವುದಾದರೂ ಒಂದು ಸ್ಥಾನದಲ್ಲಿ ಹಾಕಿಸಿ, ಅರದಿಂದ ಉಜ್ಜದೆ ಕೂರುತ್ತವಾ ಅಂತ ನೋಡಿ. ಕೂರದಿದ್ದರೆ ಅವು ಬಿಡಿಭಾಗವಲ್ಲ, ಬರೀ ಉಕ್ಕಿನ ತುಂಡು.

ಕೊನೆಯದಾಗಿ, ಒಂದು ಕ್ಯಾವಿಟಿ ಕೆಟ್ಟಾಗ ಅದರ ಗೇಟ್ ಮುಚ್ಚಿ 15ರಲ್ಲೇ ಓಡಿಸುವ ರೂಢಿ ನಮ್ಮ ಕಡೆ ತುಂಬಾ ಇದೆ. ಆರ್ಡರ್ ತುರ್ತಿದ್ದಾಗ ಬೇರೆ ದಾರಿ ಇರಲ್ಲ, ಅದು ನನಗೂ ಗೊತ್ತು. ಆದರೆ ಹಾಗೆ ಮಾಡಿದ ಕೂಡಲೇ ಉಳಿದ ಕ್ಯಾವಿಟಿಗಳ ತುಂಬುವಿಕೆ ಬದಲಾಗುತ್ತದೆ, ಮುಚ್ಚಿದ್ದರ ಪಕ್ಕದವಕ್ಕೆ ಒತ್ತಡ ಜಾಸ್ತಿ ಬಿದ್ದು ಅಂಚಿನಲ್ಲಿ ಫ್ಲ್ಯಾಶ್ (ಹೊರಗೆ ಚಾಚಿದ ತೆಳು ಪ್ಲಾಸ್ಟಿಕ್) ಬರಬಹುದು. ಸುಮ್ನೆ ಓಡಿಸಬೇಡಿ. ಶಾಟ್ ತೂಕವನ್ನು 15ಕ್ಕೆ ತಕ್ಕಂತೆ ಇಳಿಸಿ, ಮೇಲೆ ಹೇಳಿದ ತೂಕದ ಪರೀಕ್ಷೆಯನ್ನು ಮತ್ತೆ ಮಾಡಿ, ಆಮೇಲೆ ಉತ್ಪಾದನೆ ಶುರುಮಾಡಿ.