ಉಪ್ಪಿನ ಜಾತಿಯ ಮದ್ದು ತಲೆಯೊಳಗೆ ಏನು ಮಾಡುತ್ತದೆ?

ಪ್ರಶ್ನೆ: ಅಣ್ಣನಿಗೆ ಬೈಪೋಲಾರ್. ಡಾಕ್ಟರ್ ಲಿಥಿಯಂ ಮಾತ್ರೆ ಬರೆದಿದ್ದಾರೆ. ಅದೊಂದು ಥರದ ಉಪ್ಪು ಎಂದರು. ಉಪ್ಪು ತಿಂದರೆ ಮನಸ್ಸು ಹತೋಟಿಗೆ ಬರುತ್ತದಾ?
– ಓದುಗರೊಬ್ಬರು, ಬದಿಯಡ್ಕ

ಡಾಕ್ಟರ್ ಹೇಳಿದ್ದು ನಿಜ. ಆ ಮಾತ್ರೆ ಸಾಮಾನ್ಯವಾಗಿ ಲಿಥಿಯಂ ಕಾರ್ಬೊನೇಟ್. ಲಿಥಿಯಂ ಎಂದರೆ ಅಡುಗೆ ಉಪ್ಪಿನಲ್ಲಿರುವ ಸೋಡಿಯಂನ ನೆಂಟ. ಬೈಪೋಲಾರ್‌ನಲ್ಲಿ ಮನಸ್ಸು ಮಿತಿಮೀರಿ ಏರುವ ಉನ್ಮಾದಕ್ಕೆ ಇದರಿಂದ ಗುಣ ಇದೆ ಎಂದು ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ 1949ರಲ್ಲೇ ಬರೆದರು. ಹೇಗೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಮಿದುಳಿನ ಕೋಶಕ್ಕೆ ಬರುವ ಎಷ್ಟೋ ಸಂದೇಶಗಳು ಬಾಗಿಲಲ್ಲೇ ನಿಲ್ಲುತ್ತವೆ. ಒಳಗೆ ಸುದ್ದಿ ಮುಟ್ಟಿಸಲು ಬೇರೆ ಆಳು ಬೇಕು. ಅಂಥ ಒಬ್ಬ ಆಳು ಐಪಿ3. ಅದು ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡಿಸುತ್ತದೆ, ಕೋಶ ಚುರುಕಾಗುತ್ತದೆ. ಕೆಲಸ ಮುಗಿದ ಐಪಿ3 ಕಳಚಿ ಇನೊಸಿಟಾಲ್ ಎಂಬ ಕಚ್ಚಾವಸ್ತು ಆಗಿ ಮತ್ತೆ ಬಳಕೆಗೆ ಬರಬೇಕು. ಈ ವಾಪಸು ದಾರಿಯ ಕಿಣ್ವಕ್ಕೇ ಲಿಥಿಯಂ ಅಡ್ಡ ಕೂರುತ್ತದೆ. ಆಗ ಹೊಸ ಐಪಿ3 ಮಾಡಲು ಇನೊಸಿಟಾಲ್ ಸಾಲದೆ ಬರುತ್ತದೆ.

ನಮ್ಮ ಸುರಂಗದ ನೀರನ್ನೇ ನೋಡಿ. ಗುಡ್ಡದೊಳಗಿಂದ ಬಂದ ಧಾರೆ ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ಕಂಗಿನ ತೋಟಕ್ಕೆ ಪಂಪು. ಧಾರೆ ಸಣ್ಣದಾದರೆ ದಿನಕ್ಕೆ ಅರ್ಧ ಗಂಟೆ ಪಂಪು ಬಿಡುವವರಿಗೆ ಗೊತ್ತೇ ಆಗುವುದಿಲ್ಲ. ಹಗಲು ರಾತ್ರಿ ಬಿಡುವವರ ಟ್ಯಾಂಕು ಮೊದಲು ಖಾಲಿ, ಅಲ್ವಾ? ಹಾಗೇ, ಜಾಸ್ತಿ ಗದ್ದಲ ಮಾಡುವ ಕೋಶವೇ ಜಾಸ್ತಿ ತಣ್ಣಗಾಗುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ಮುಂದಿಟ್ಟ ವಾದ ಇದು. ನನಗೆ ಬಹಳ ಹಿಡಿಸಿದ ವಾದ. ಆದರೆ ಚರ್ಚೆ ಇನ್ನೂ ಮುಗಿದಿಲ್ಲ.

ಏಕೆಂದರೆ ಲಿಥಿಯಂ ಜಿಎಸ್‌ಕೆ-3 ಎಂಬ ಇನ್ನೊಂದು ಕಿಣ್ವವನ್ನೂ ತಗ್ಗಿಸುತ್ತದೆ. ಕೋಶದೊಳಗೆ ಯಾವ ಜೀನು ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲಿ ಅದರ ಕೈವಾಡ ಇದೆ. ಇಂಥ ಬದಲಾವಣೆ ಒಂದು ದಿನದ್ದಲ್ಲ. ಮದ್ದು ಹಿಡಿಯಲು ಒಂದೆರಡು ವಾರ ಬೇಕಾಗುವುದಕ್ಕೆ ಇದೂ ಕಾರಣವಿರಬಹುದು. ನಾಲ್ಕು ದಿನ ನೋಡಿ ಸುಮ್ನೆ ಬಿಟ್ಟುಬಿಡಬೇಡಿ.

ಇನ್ನು ಉಪ್ಪಿನ ವಿಷಯ. ಮೂತ್ರಪಿಂಡ ಲಿಥಿಯಂ ಮತ್ತು ಸೋಡಿಯಂ ನಡುವೆ ಅಷ್ಟಾಗಿ ಭೇದ ಮಾಡುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ತೋಟದಲ್ಲಿ ಬೆವರು ಹರಿದರೆ, ವಾಂತಿ ಭೇದಿಯಾದರೆ, ಬಿಪಿ ಎಂದು ದಿಢೀರನೆ ಉಪ್ಪು ಬಿಟ್ಟರೆ, ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಮಟ್ಟ ಏರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಹೀಗೇ ಮಾಡುತ್ತದೆ. ಕೈ ಜೋರಾಗಿ ನಡುಗಿದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಮಟ್ಟ ಸರಿ ಎನ್ನುತ್ತಾರೆ. ಹಿಂದಿನ ಮಾತ್ರೆ ತೆಗೆದುಕೊಂಡು 12 ಗಂಟೆ ಆದಾಗ ರಕ್ತ ಕೊಡಬೇಕು. ಹಾಗಾಗಿ ಟೆಸ್ಟಿನ ದಿನ ಬೆಳಗ್ಗಿನ ಮಾತ್ರೆ ರಕ್ತ ಕೊಟ್ಟ ಮೇಲೆ.