ಬಚ್ಚಿಟ್ಟ ಕ್ಯಾಮೆರಾ ಕೆಡಿಸುವ ದೃಶ್ಯ

ಬಸ್ಸು, ರೈಲುಗಳಲ್ಲಿ ಅಪರಿಚಿತರ ಸಹಜ ಕ್ಷಣಗಳನ್ನು ಚಿತ್ರೀಕರಿಸಲು ಹೊರಟವರು ಮಾಡುವ ಮೊದಲ ತಪ್ಪು ಕ್ಯಾಮೆರಾ ಬಚ್ಚಿಡುವುದು. ಮೆಸೇಜ್ ಓದುವವರ ಹಾಗೆ ಫೋನು ಹಿಡಿದು ಲೆನ್ಸನ್ನು ಎದುರು ಸೀಟಿಗೆ ತಿರುಗಿಸಿದರೆ ಸಿಗುವುದು ಕೆಳಗಿನಿಂದ ಕಂಡ ಗದ್ದ, ವಾಲಿದ ಕಿಟಕಿ, ಅರ್ಧ ಹಣೆ. ಎದುರಿನವರಿಗೆ ಗೊತ್ತಾಗುವುದಿಲ್ಲ ಎಂಬುದೂ ಭ್ರಮೆಯೇ. ಓದುವವರ ಹೆಬ್ಬೆರಳು ಆಡುತ್ತಿರುತ್ತದೆ. ಕದ್ದು ಚಿತ್ರಿಸುವವರದು ಆಡುವುದಿಲ್ಲ.

ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 1941ರ ನಡುವೆ ನ್ಯೂಯಾರ್ಕಿನ ಸಬ್‌ವೇ ರೈಲುಗಳಲ್ಲಿ 35 ಎಂಎಂ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ಸಂದಿಯಿಂದ ಲೆನ್ಸು ಇಣುಕಿಸಿ ಪ್ರಯಾಣಿಕರ ಮುಖ ತೆಗೆದದ್ದನ್ನು ಇದಕ್ಕೆ ಸಮರ್ಥನೆಯಾಗಿ ಎಳೆದು ತರುವವರಿದ್ದಾರೆ. ಆ ಚಿತ್ರಗಳು ಪುಸ್ತಕವಾಗಿದ್ದು 1966ರಲ್ಲಿ. ಅಷ್ಟು ವರ್ಷ ತಡೆದುಕೊಂಡ ಸಂಗತಿ ಮಾತ್ರ ಅವರ ಬಾಯಲ್ಲಿ ಬರುವುದಿಲ್ಲ.

ಕ್ಯಾಮೆರಾ ಎದೆಮಟ್ಟದಲ್ಲಿ, ಎಲ್ಲರಿಗೂ ಕಾಣುವಂತಿರಲಿ. ಮೊದಲ ಎರಡು ಸ್ಟಾಪು ರೆಕಾರ್ಡ್ ಮಾಡಬೇಡಿ. ಸುತ್ತಲಿನವರು ಒಮ್ಮೆ ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ, ಆಮೇಲೆ ತಮ್ಮ ಪಾಡಿಗೆ ತಾವಿರುತ್ತಾರೆ. ಹೊಸಬರು ಹತ್ತಿದರೆ ಲೆಕ್ಕ ಮೊದಲಿನಿಂದ ಶುರು. ಯಾರಾದರೂ ಮುಖ ತಿರುಗಿಸಿದರೆ ಲೆನ್ಸು ಕೆಳಗಿಳಿಸಿ. ಎರಡನೇ ಪ್ರಯತ್ನ ಬೇಡ.

ಆಟೋಫೋಕಸ್ ಇಲ್ಲಿ ಕೈಕೊಡುತ್ತದೆ. ನಡುವೆ ಯಾರೋ ಕಂಬ ಹಿಡಿದು ಹಾದು ಹೋದರೆ ಅವರ ತೋಳಿನ ಮೇಲೆ ಹೋಗಿ ಕೂರುತ್ತದೆ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 28 ಎಂಎಂ ಲೆನ್ಸು, ಅಪರ್ಚರ್ (ಲೆನ್ಸಿನ ಕಿಂಡಿ) f/5.6, ಫೋಕಸ್ 2 ಮೀಟರಿಗೆ ಕಟ್ಟಿಟ್ಟರೆ ಸುಮಾರು 1.4ರಿಂದ 3.5 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಎದುರು ಸೀಟು, ಅದರ ಹಿಂದಿನ ಸಾಲು ಎರಡೂ ಅದರೊಳಗೇ ಬರುತ್ತವೆ.

ದೀಪದ ಮಿನುಗಿನಿಂದ ಚಿತ್ರದಲ್ಲಿ ಮೂಡುವ ಪಟ್ಟೆಗಳ ಕಾಟ ಬೇರೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರ್ ವೇಗ 1/50 ಸೆಕೆಂಡ್, 60 ಹರ್ಟ್ಸ್ ಇರುವಲ್ಲಿ 1/60 ಎಂಬ ಸೂತ್ರ ಮನೆ, ಕಚೇರಿಗೆ ಸರಿ. ವಾಹನದ ಎಲ್‌ಇಡಿ ದೀಪಗಳು ಆ ಲಯಕ್ಕೆ ಬದ್ಧವಾಗಿರಬೇಕೆಂದಿಲ್ಲ. ಬಿಳಿ ಗೋಡೆಯತ್ತ ಹಿಡಿದು, ಪಟ್ಟೆ ಮಾಯವಾಗುವ ತನಕ ಶಟರನ್ನು ಸ್ವಲ್ಪಸ್ವಲ್ಪವೇ ಬದಲಿಸಿ. ಹಗಲಲ್ಲಿ ಕಿಟಕಿಯ ಬೆಳಕಿಗೆ ಫೋನು ತಾನಾಗಿಯೇ ಶಟರನ್ನು 1/1000ಕ್ಕೆ ಏರಿಸಿಬಿಟ್ಟರೆ ಪಟ್ಟೆ ಮತ್ತೆ ಹಾಜರು. ಆಗ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರ್ ಇಳಿಸಬೇಕು. ಸುರಂಗ ಇರುವ ದಾರಿಯಲ್ಲಿ ಮುಖಕ್ಕೆ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ, ಕಿಟಕಿ ಬೆಳ್ಳಗಾದರೆ ಆಗಲಿ.

ಕೈ ನಡುಗದಿದ್ದರೂ ಚಿತ್ರ ಜಾರುತ್ತಿದೆಯೇ? ಅಲುಗಾಟ ಸರಿಪಡಿಸುವ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಮೇಲೆ ಅನುಮಾನ ಪಡಿ. ತಿರುವನ್ನು ಅಳೆಯುವ ಒಳಗಿನ ಜೈರೋ ಸೆನ್ಸರಿಗೆ ತಿರುಗಿದ್ದು ಕೈಯೋ ಬಸ್ಸೋ ತಿಳಿಯುವುದಿಲ್ಲ. ಬಸ್ಸು ಎಡಕ್ಕೆ ಹೊರಳಿದಾಗ ಅದನ್ನು ಕೈಯ ಅಲುಗಾಟವೆಂದುಕೊಂಡು ಫ್ರೇಮನ್ನು ಬಲಕ್ಕೆ ಸರಿಸುತ್ತದೆ, ಅಂಚು ಮುಟ್ಟಿದ ಮೇಲೆ ತಟ್ಟನೆ ಹಿಂದಕ್ಕೆಳೆಯುತ್ತದೆ. ಕೂತವರು ಕೂತಲ್ಲೇ ತೇಲಿದಂತೆ ಕಾಣುತ್ತಾರೆ. ಸ್ಟೆಬಿಲೈಸೇಶನ್ ಆಫ್ ಮಾಡಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಕಂಬಕ್ಕೋ ಕಿಟಕಿಯ ಚೌಕಟ್ಟಿಗೋ ಕೈ ಆನಿಸಿದರೆ ಎಂಜಿನ್ನಿನ ಕಂಪನ ನೇರ ಚಿತ್ರಕ್ಕಿಳಿಯುತ್ತದೆ.

ರಾತ್ರಿ ಕಿಟಕಿಯ ಗಾಜಿನಲ್ಲಿ ಮೂಡುವ ಪ್ರತಿಬಿಂಬ ಒಳ್ಳೆಯ ವಸ್ತು. ಫೋಕಸ್ ಗಾಜಿಗಲ್ಲ: ಕ್ಯಾಮೆರಾದಿಂದ ಗಾಜಿಗೆ, ಗಾಜಿನಿಂದ ವ್ಯಕ್ತಿಗೆ ಇರುವ ದೂರ ಎರಡನ್ನೂ ಕೂಡಿಸಿ.

ನಿದ್ದೆ ಹೋದವರ ಮುಖ ಎಲ್ಲರನ್ನೂ ಸೆಳೆಯುತ್ತದೆ. ಆದರೆ ಬೇಡವೆನ್ನುವ ಅವಕಾಶವೇ ಅವರಿಗಿಲ್ಲ. ಕೈ ನೋಡಿ. ತಲೆ ಎದೆಗೆ ಬಾಗಿದೆ, ತುಟಿ ಸಡಿಲವಾಗಿದೆ, ತೊಡೆಯ ಮೇಲಿನ ಬೆರಳುಗಳು ಮಾತ್ರ ಚೀಲದ ಪಟ್ಟಿಯನ್ನು ಎರಡು ಸುತ್ತು ಸುತ್ತಿಕೊಂಡಿವೆ. ಬ್ರೇಕ್ ಬಿದ್ದಾಗಲೆಲ್ಲ ಹಿಡಿತ ಬಿಗಿಯಾಗುತ್ತದೆ. 20 ಸೆಕೆಂಡ್ ಅಲುಗದೆ ಹಿಡಿದರೆ ಆ ಶಾಟ್ ಮುಖಕ್ಕಿಂತ ಹೆಚ್ಚು ಹೇಳುತ್ತದೆ.

ಮೈಕ್ ಆಫ್ ಮಾಡಿಡಿ. ಫೋನಿನಲ್ಲಿ ಮಾತಾಡುವವರು ನಂಬರು, ವಿಳಾಸ, ಕಾಯಿಲೆ ಎಲ್ಲವನ್ನೂ ಹೇಳಿಕೊಳ್ಳುತ್ತಿರುತ್ತಾರೆ. ಬೋಗಿ ಖಾಲಿಯಿದ್ದಾಗ ಎರಡು ನಿಮಿಷ ಬರೀ ಹಳಿಯ ಸದ್ದು ಹಿಡಿದಿಟ್ಟರೆ ಎಡಿಟಿಂಗಿಗೆ ಧಾರಾಳ.

ಒಪ್ಪಿಗೆ ಕೇಳುವುದು ಶಾಟ್ ಆದ ಮೇಲೆ, ಅವರು ಇಳಿಯುವುದಕ್ಕೆ ಮುಂಚೆ. ಚಿತ್ರಿಸುವುದು ಬೇರೆ, ಹರಡುವುದು ಬೇರೆ. ಜರ್ಮನಿಯ 1907ರ ಕಾನೂನು ವ್ಯಕ್ತಿಯ ಚಿತ್ರವನ್ನು ಹರಡಲು ಅವರ ಸಮ್ಮತಿ ಬೇಕೆನ್ನುತ್ತದೆ, ಕೆಲವು ವಿನಾಯಿತಿಗಳೊಂದಿಗೆ. ವಾಹನ ನಡೆಸುವ ಸಂಸ್ಥೆಯ ನಿಯಮವನ್ನೂ ನೋಡಿಕೊಳ್ಳಿ. ಪರದೆಯನ್ನು ಅವರತ್ತ ತಿರುಗಿಸಿ, ಕ್ಲಿಪ್ ತೋರಿಸಿ, ಎಲ್ಲಿ ಹಾಕುತ್ತೀರೆಂದು ಒಂದೇ ವಾಕ್ಯದಲ್ಲಿ ಹೇಳಿ. ಮಕ್ಕಳಿದ್ದರೆ ಜೊತೆಗಿರುವ ಹಿರಿಯರನ್ನು ಕೇಳಿ. ಕೇಳುವ ಮೊದಲೇ ಇಳಿದು ಹೋದವರ ಮುಖವಿರುವ ಶಾಟ್ ಬಳಸಬೇಡಿ. ಮುಖ ಮಸುಕು ಮಾಡಿದರೆ ಸಾಕೆನ್ನುವವರು ಕೊರಳಿನ ಐಡಿ ಕಾರ್ಡು, ಸಮವಸ್ತ್ರ, ಹಿಂದಿನ ಸ್ಟಾಪಿನ ಬೋರ್ಡು ಮರೆಯುತ್ತಾರೆ.

ಬೇಡವೆಂದರೆ ಅವರೆದುರೇ ಅಳಿಸಿ. ಅಳಿಸಿದ್ದು ಫೋನಿನ ಕಸದ ಫೋಲ್ಡರಿನಲ್ಲಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಿರಿ. ತಾನಾಗಿ ಆಗುವ ಕ್ಲೌಡ್ ಬ್ಯಾಕಪ್ಪನ್ನು ವಾಹನ ಹತ್ತುವ ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ನೀವು ಅಳಿಸುವಷ್ಟರಲ್ಲಿ ಅದರ ಪ್ರತಿ ಮೇಲೆ ಹೋಗಿ ಕೂತಿರುತ್ತದೆ.